ಭದ್ರಾವತಿಗೋ, ಶಿವಮೊಗ್ಗಕ್ಕೋ? ಮಲವಗೊಪ್ಪದ ಒಂದು ನಡುರಾತ್ರಿ

ಮಲವಗೊಪ್ಪ: ಈ ಊರಿನ ಭಾಗ್ಯ ಅನ್ನಿ, ದೌರ್ಭಾಗ್ಯ ಅನ್ನಿ. ಬಿ.ಎಚ್. ರಸ್ತೆಗೆ ಬಂದು ನಿಂತರೆ ಒಂದು ಕಡೆ ಶಿವಮೊಗ್ಗ, ಇನ್ನೊಂದು ಕಡೆ ಭದ್ರಾವತಿ. ಆ ಕಡೆಯೂ ಆಸ್ಪತ್ರೆ, ಈ ಕಡೆಯೂ ಆಸ್ಪತ್ರೆ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯೇ ಮನೆ ಬಾಗಿಲಲ್ಲಿ. ಇಂಥ ಊರಲ್ಲಿ ಬಸುರಿ ಹೆಂಗಸಿಗೆ ಏನು ಭಯ ಸ್ವಾಮಿ ಅಂತ ನೀವು ಕೇಳಬಹುದು. ಭಯ ಇರುವುದು ರಸ್ತೆಯಲ್ಲಲ್ಲ, ಆಸ್ಪತ್ರೆಯಲ್ಲೂ ಅಲ್ಲ. ನಡುಮನೆಯಲ್ಲಿ ಕೂತು ಯಾವ ಕಡೆ ಹೋಗೋಣ ಅಂತ ಜಗಳ ಆಡುತ್ತೀವಲ್ಲ, ಆ ಅರ್ಧ ಗಂಟೆಯಲ್ಲಿ.

ಇದನ್ನು ಬೇರೆಯವರ ಮನೆ ಕಥೆ ಮಾಡಿ ಹೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲೇ ನಡೆದದ್ದನ್ನು ಮುಚ್ಚಿಟ್ಟು ಊರಿಗೆ ಬುದ್ಧಿ ಹೇಳುವುದು ಪತ್ರಕರ್ತನ ಧರ್ಮವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ರಾತ್ರಿ

2022ರ ಜುಲೈ ತಿಂಗಳು. ಜೋರು ಮಳೆ. ನನ್ನ ತಂಗಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಹತ್ತು ದಿನ ಆಗಿತ್ತು. ಎಂಟು ತಿಂಗಳು ತುಂಬುವುದರಲ್ಲಿತ್ತು. ಕಾಲು ಊದಿತ್ತು, ಮುಖವೂ ಸ್ವಲ್ಪ ಊದಿತ್ತು. 'ಬಸುರಿ ಕಾಲು ಊದದೆ ಇನ್ನೇನು ನಿನ್ನ ಕಾಲು ಊದುತ್ತಾ?' ಅಂದರು ಅಮ್ಮ. ನಾನೂ ನಕ್ಕೆ.

ರಾತ್ರಿ ಒಂದು ಗಂಟೆ ಹೊತ್ತಿಗೆ ತಂಗಿ ಎದ್ದು ಕೂತಳು. ತಲೆ ಸಿಡಿಯುತ್ತಿದೆ ಅಂದಳು. ಎದೆಗುಂಡಿಗೆ ಕೆಳಗೆ ನೋವು, ವಾಂತಿ ಬರುವ ಹಾಗೆ ಆಗುತ್ತಿದೆ ಅಂದಳು. ಪಿತ್ತ ಇರಬೇಕು ಅಂತ ಅಮ್ಮ ಜೀರಿಗೆ ಕಷಾಯ ಕಾಯಿಸಿದರು. ಕಷಾಯ ಕುಡಿದ ಮೇಲೆ ತಂಗಿ ಇನ್ನೊಂದು ಮಾತು ಹೇಳಿದಳು.

'ಅಣ್ಣಾ, ಲೈಟು ಯಾಕೋ ಮಂಜು ಮಂಜಾಗಿ ಕಾಣ್ತಿದೆ.'

ಅಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಯಾಕೆ ಅಂತ ನನಗೆ ಆಗ ಗೊತ್ತಾಗಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಹೋಗೋಣ ಅಂತ ಎದ್ದೆವು. ಎಲ್ಲಿಗೆ? ಅಮ್ಮ 'ಭದ್ರಾವತಿಗೆ' ಅಂದರು. ಅಪ್ಪ ಕಾಗದ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆ ಆಸ್ಪತ್ರೆಯಲ್ಲೇ ನಾವೆಲ್ಲ ಹುಟ್ಟಿದ್ದು. ಅಮ್ಮನ ಲೆಕ್ಕದಲ್ಲಿ ಡಾಕ್ಟರು ಅಂದರೆ ಭದ್ರಾವತಿಯಲ್ಲೇ ಇರಬೇಕು. ನಾನು 'ಶಿವಮೊಗ್ಗ ಹತ್ತಿರ' ಅಂದೆ. ತಂಗಿಯ ಗಂಡನಿಗೆ ಫೋನು ಹಚ್ಚಿದರೆ ಅವರು 'ಅಪ್ಪನನ್ನು ಒಂದು ಮಾತು ಕೇಳಿ ಹೇಳ್ತೀನಿ ಭಾವ' ಅಂದರು. ಅವರ ಅಪ್ಪ ಎದ್ದು, ವಿಷಯ ತಿಳಿದು, 'ಖಾಸಗಿಗೇ ಸೇರಿಸಿ, ದುಡ್ಡಿಗೆ ಯೋಚನೆ ಮಾಡಬೇಡಿ' ಅನ್ನುವ ಹೊತ್ತಿಗೆ ಗಡಿಯಾರ ಎರಡು ಹೊಡೆಯಿತು. 108 ಅನ್ನುವ ಮೂರು ಅಂಕಿ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ದಿನಾ ಪೇಪರಿನಲ್ಲಿ ಆ ನಂಬರು ಬರೆಯುವವನು ನಾನು!

ಎದುರು ಮನೆಯ ಆಟೋದವರನ್ನು ಎಬ್ಬಿಸಿದೆ. ಹರಿಗೆ ದಾಟಿ, ವಿದ್ಯಾನಗರ ದಾಟಿ, ತುಂಗಾ ಸೇತುವೆ ದಾಟಿ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಹೆಸರು ಬೇಡ. ರಾತ್ರಿ ಪಾಳಿಯ ಹುಡುಗಿ ಒಬ್ಬಳೇ ಇದ್ದಳು. 'ಮೇಡಂ ಬೆಳಿಗ್ಗೆ ಎಂಟಕ್ಕೆ ಬರ್ತಾರೆ. ಅಡ್ಮಿಟ್ ಮಾಡಿ, ಅಡ್ವಾನ್ಸ್ ಕಟ್ಟಿ, ಮಲಗಿಸಿ' ಅಂದಳು. ನಾನು ಜೇಬು ತಡಕಾಡುತ್ತಾ, ಎ.ಟಿ.ಎಂ. ಹುಡುಕುತ್ತಾ ನಲವತ್ತು ನಿಮಿಷ ಕಳೆದೆ. ಆ ನಲವತ್ತು ನಿಮಿಷದಲ್ಲಿ ತಂಗಿಯ ತೋಳಿಗೆ ಬಿ.ಪಿ. ಪಟ್ಟಿ ಒಮ್ಮೆಯೂ ಸುತ್ತಿರಲಿಲ್ಲ.

ಕಡೆಗೆ ಬಾಯಿ ಬಿಟ್ಟವರು ಆಟೋದವರು. 'ಸಾರ್, ಅಮ್ಮಾವ್ರ ಮುಖ ನೋಡಿ. ಇಲ್ಲಿ ಕಾಯೋದು ಬೇಡ. ದೊಡ್ಡಾಸ್ಪತ್ರೆಗೆ ಬಿಡ್ತೀನಿ, ಹತ್ತಿ.' ಎಸ್ಸೆಸ್ಸೆಲ್ಸಿ ಫೇಲಾದವರು ಅಂತ ಅವರೇ ಹೇಳಿಕೊಳ್ಳುತ್ತಾರೆ. ಆ ರಾತ್ರಿ ನಮ್ಮೆಲ್ಲರ ಪೈಕಿ ತಲೆ ಇದ್ದದ್ದು ಅವರಿಗೆ ಒಬ್ಬರಿಗೇ.

ದೊಡ್ಡಾಸ್ಪತ್ರೆ ಗೇಟಿನಲ್ಲಿ ಇಳಿಸುವಾಗ ತಂಗಿಗೆ ಫಿಟ್ಸ್ ಬಂತು.

ಒಂದು ಇಂಜೆಕ್ಷನ್ನು

ಒಳಗೆ ಬಿ.ಪಿ. ನೋಡಿದರು. ಮೇಲಿನದು 170, ಕೆಳಗಿನದು 110. ಡ್ಯೂಟಿ ಡಾಕ್ಟರಮ್ಮ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದ್ದು: 'ಎಷ್ಟು ಹೊತ್ತಾಯ್ತು ತಲೆನೋವು ಶುರುವಾಗಿ?' ನಾನು ಹೇಳಿದೆ. ಅವರು ನನ್ನ ಮುಖ ನೋಡಿದರು, ಮಾತಾಡಲಿಲ್ಲ. ಆ ನೋಟ ಇವತ್ತಿಗೂ ಮರೆತಿಲ್ಲ.

ಹಾಕಿದ್ದು ಮೆಗ್ನೀಷಿಯಂ ಸಲ್ಫೇಟ್ ಅನ್ನುವ ಇಂಜೆಕ್ಷನ್ನು. ದುಬಾರಿ ಮದ್ದಲ್ಲ, ಹೊಸ ಮದ್ದೂ ಅಲ್ಲ. ಬಸುರಿಯ ಬಿ.ಪಿ. ಏರಿ ಮೂತ್ರದಲ್ಲಿ ಪ್ರೋಟೀನು ಹೋಗಲು ಶುರುವಾದರೆ ಡಾಕ್ಟರುಗಳು ಅದನ್ನು ಪ್ರಿ ಎಕ್ಲಾಂಪ್ಸಿಯ ಅನ್ನುತ್ತಾರೆ. ಫಿಟ್ಸ್ ಬಂದರೆ ಎಕ್ಲಾಂಪ್ಸಿಯ. ನಮ್ಮ ಹಿರಿಯರು ಇದನ್ನೇ 'ನಂಜು ಏರಿತು' ಅಂದರು. ಈ ಮದ್ದು ನಿಜಕ್ಕೂ ಫಿಟ್ಸ್ ತಡೆಯುತ್ತದೆಯೇ ಅಂತ 33 ದೇಶಗಳ ಸುಮಾರು ಹತ್ತು ಸಾವಿರ ಹೆಂಗಸರ ಮೇಲೆ ಪರೀಕ್ಷೆ ನಡೆದು 2002ರಲ್ಲಿ ಫಲಿತಾಂಶ ಬಂತು. ಫಿಟ್ಸ್ ಬರುವುದು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನೇ ಇದರ ಮೊದಲ ಡೋಸನ್ನು ಎರಡೂ ಸೊಂಟಕ್ಕೆ ಐದೈದು ಗ್ರಾಂ ಹಾಕಿ, ಆಮೇಲೆ ದೊಡ್ಡಾಸ್ಪತ್ರೆಗೆ ಕಳಿಸಬಹುದು ಅಂತ ಸರ್ಕಾರದ ನಿಯಮವೇ ಇದೆ. ಅಂದರೆ ಮದ್ದು ನಮ್ಮಿಂದ ದೂರ ಇರಲಿಲ್ಲ. ನಾವೇ ಮದ್ದಿನಿಂದ ದೂರ ಕೂತಿದ್ದೆವು.

ಬೆಳಗಿನ ಜಾವ ಆಪರೇಷನ್ ಆಯಿತು. ಹೆಣ್ಣು ಮಗು, ಒಂದು ಕೆಜಿ ಏಳು ನೂರು ಗ್ರಾಂ. ರಕ್ತ ಬೇಕು ಅಂದರು. ನನ್ನ ಗ್ರೂಪ್ ಹೊಂದಿತು, ಕೊಟ್ಟೆ. ಮಗುವನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇಟ್ಟರು.

ಯಾರೂ ಓದದ ಪುಟ

ಮಾರನೇ ದಿನ ತಂಗಿಯ ಗಂಡ ಊರಿನಿಂದ ಬಂದರು. ಬರುವಾಗ ತಾಯಿ ಕಾರ್ಡು ತಂದಿದ್ದರು. ಅದು ಅತ್ತೆ ಮನೆಯಲ್ಲೇ ಉಳಿದಿತ್ತು. ಡಾಕ್ಟರಮ್ಮ ಪುಟ ತಿರುವಿ ಒಂದು ಕಡೆ ಬೆರಳಿಟ್ಟರು. ಏಳನೇ ತಿಂಗಳ ತಪಾಸಣೆ. ಬಿ.ಪಿ. 140, 90. ಮೂತ್ರದಲ್ಲಿ ಪ್ರೋಟೀನು ಇದೆ ಅಂತ ಪ್ಲಸ್ ಗುರುತು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ 'ಮೂರು ದಿನದಲ್ಲಿ ಮತ್ತೆ ಬರುವುದು' ಅಂತ.

ಅಲ್ಲಿನ ನರ್ಸಮ್ಮ ತಮ್ಮ ಕೆಲಸ ಮಾಡಿದ್ದರು. ಮೂರು ದಿನ ಬಿಟ್ಟು ಹೋಗಬೇಕಿದ್ದ ದಿವಸ ನಮ್ಮ ಮನೆಯಲ್ಲಿ ಏನು ನಡೆಯುತ್ತಿತ್ತು ಗೊತ್ತೇ? ಸೀಮಂತ! ಹಸಿರು ಸೀರೆ, ಹಸಿರು ಬಳೆ, ಐದು ಬಗೆ ಚಿತ್ರಾನ್ನ, ಫೋಟೋ. ಅದಾದ ಮೇಲೆ ಆಷಾಢಕ್ಕೆ ಮುಂಚೆ ತವರಿಗೆ ಕರೆತರುವ ಗಡಿಬಿಡಿ. ಕೆಂಪು ಇಂಕು ಯಾರ ಕಣ್ಣಿಗೆ ಬೀಳಬೇಕು?

ಇದು ನಮ್ಮ ಮನೆಯೊಂದರ ಕಥೆಯಲ್ಲ, ಓದುಗರೇ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಒಳ್ಳೆಯ ಪದ್ಧತಿಯೇ. ಆದರೆ ಹೆಸರು ನೋಂದಾಯಿಸಿದ್ದು ಗಂಡನ ಊರಲ್ಲಿ. ಅವಳ ಬಿ.ಪಿ., ಅವಳ ರಕ್ತ, ಅವಳ ಸ್ಕ್ಯಾನಿಂಗು ಎಲ್ಲ ಗೊತ್ತಿರುವ ಆಶಾ ಕಾರ್ಯಕರ್ತೆ ಅಲ್ಲಿದ್ದಾರೆ. ಏಳೆಂಟು ತಿಂಗಳಿಗೆ, ಸರಿಯಾಗಿ ಅಪಾಯ ಶುರುವಾಗುವ ಹೊತ್ತಿಗೆ, ಹೆಣ್ಣುಮಗಳು ಊರು ಬದಲಾಯಿಸುತ್ತಾಳೆ. ಇಲ್ಲಿನ ಆಶಾ ಅಕ್ಕನಿಗೆ ಇವಳು ಬಂದದ್ದೇ ತಿಳಿದಿರುವುದಿಲ್ಲ. ಅಲ್ಲಿನವರು 'ತವರಿಗೆ ಹೋದಳು' ಅಂತ ಪುಸ್ತಕ ಮುಚ್ಚುತ್ತಾರೆ. ಮಧ್ಯದಲ್ಲಿ ಒಂದು ತಿಂಗಳು ಆ ಬಸುರಿ ಯಾರ ಲೆಕ್ಕಕ್ಕೂ ಇಲ್ಲ.

ಮಗಳನ್ನು ಕರೆತಂದ ಮಾರನೇ ದಿನವೇ ಬೀದಿಯ ಆಶಾ ಅಕ್ಕನನ್ನು ಮನೆಗೆ ಕರೆಯಿರಿ. ಅರಿಶಿನ ಕುಂಕುಮದ ಜೊತೆ ತಾಯಿ ಕಾರ್ಡನ್ನೂ ಮುಂದಿಡಿ. ಸೀರೆ ಮರೆತು ಬಂದರೆ ಇನ್ನೊಂದು ಕೊಳ್ಳಬಹುದು. ಕಾರ್ಡು ಮರೆಯಬೇಡಿ.

ದೊಡ್ಡಮ್ಮನ ಸಾವು

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಅಮ್ಮ ಹೇಳಿದರು. 1984ರಲ್ಲಿ ಅವರ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ದಿನ ತುಂಬಿದಾಗ ಹೀಗೇ ತಲೆನೋವು ಅಂದರಂತೆ. ಆಮೇಲೆ 'ದೀಪ ಯಾಕೆ ಸಣ್ಣ ಮಾಡಿದಿರಿ?' ಅಂತ ಕೇಳಿದರಂತೆ. ದೀಪ ಯಾರೂ ಸಣ್ಣ ಮಾಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೈಕಾಲು ಸೆಟೆದು, ಹಲ್ಲು ಕಚ್ಚಿ, ನೊರೆ ಬಂತು. ಮನೆಯವರು ಗಾಳಿ ಮೆಟ್ಟಿದೆ ಅಂತ ತೀರ್ಮಾನಿಸಿ ಬೇವಿನ ಸೊಪ್ಪು ತಂದರು, ತಾಯಿತ ತಂದರು. ಬೆಳಗಾಗುವಷ್ಟರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ. ಮೂವತ್ತೆಂಟು ವರ್ಷ ನಮ್ಮ ಮನೆಯಲ್ಲಿ ಆ ಸಾವಿಗೆ 'ಗಾಳಿ' ಅಂತಲೇ ಹೆಸರು.

'ನೆನ್ನೆ ಅವಳು ಲೈಟು ಮಂಜು ಅಂದಾಗ ನನಗೆ ಗೊತ್ತಾಯ್ತು ಕಣೋ. ಬಾಯಿಗೆ ಬರ್ಲಿಲ್ಲ. ಹೇಳಿದ್ರೆ ಹಾಗೇ ಆಗಿಬಿಡುತ್ತೇನೋ ಅಂತ ಭಯ' ಅಂದರು.

ಅಪಶಕುನ ನುಡಿಯಬಾರದು ಅಂತ ಬಾಯಿ ಕಟ್ಟಿಕೊಂಡು ಎಷ್ಟು ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಹೋದರೋ. 'ನನ್ನ ಅಕ್ಕ ಹೀಗೆ ಸತ್ತಳು' ಅಂತ ಒಂದು ಮಾತು ಮೊದಲೇ ಡಾಕ್ಟರಿಗೆ ಹೇಳಿದ್ದರೆ ಅದು ಅಪಶಕುನವಲ್ಲ, ಮಾಹಿತಿ. ಮನೆತನದಲ್ಲಿ ಯಾರಿಗಾದರೂ ಬಸುರಿನಲ್ಲಿ ಬಿ.ಪಿ. ಏರಿತ್ತು, ಫಿಟ್ಸ್ ಬಂದಿತ್ತು ಅಂದರೆ ಡಾಕ್ಟರು ಮೊದಲಿನಿಂದಲೇ ಎಚ್ಚರ ವಹಿಸುತ್ತಾರೆ. ಅಪಾಯ ಹೆಚ್ಚು ಅನ್ನಿಸಿದವರಿಗೆ ನಾಲ್ಕನೇ ತಿಂಗಳು ತುಂಬುವ ಮೊದಲೇ ಸಣ್ಣ ಡೋಸಿನ ಆಸ್ಪಿರಿನ್ ಮಾತ್ರೆ ಶುರು ಮಾಡುತ್ತಾರೆ. ಅದನ್ನು ಡಾಕ್ಟರೇ ಬರೆದುಕೊಡಬೇಕು, ಅಂಗಡಿಯಿಂದ ನೀವೇ ತಂದು ನುಂಗಿಸಬೇಡಿ.

ಮೂರು ತಡ

ತಾಯಂದಿರು ಯಾಕೆ ಸಾಯುತ್ತಾರೆ ಅಂತ 1994ರಲ್ಲಿ ಥಡಿಯಸ್ ಮತ್ತು ಮೇನ್ ಎಂಬ ಇಬ್ಬರು ವಿದ್ವಾಂಸರು ಒಂದು ಲೇಖನ ಬರೆದರು. ತಡಗಳು ಮೂರು ಅಂದರು. ಹೋಗಬೇಕು ಅಂತ ನಿರ್ಧರಿಸುವುದರಲ್ಲಿ ತಡ. ಆಸ್ಪತ್ರೆ ಮುಟ್ಟುವುದರಲ್ಲಿ ತಡ. ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ನಮ್ಮ ಮನೆ ಆ ರಾತ್ರಿ ಮೂರರಲ್ಲೂ ಪಾಸು!

ಎರಡನೆಯ ತಡಕ್ಕೆ ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಲಾಗದು. ಕರ್ನಾಟಕದಲ್ಲಿ 108 ಆಂಬ್ಯುಲೆನ್ಸ್ ಶುರುವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. 2004ರಿಂದ 2006ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು. 2019ರಿಂದ 2021ರ ಲೆಕ್ಕದಲ್ಲಿ ಅದು 63ಕ್ಕೆ ಇಳಿದಿತ್ತು. ಸಣ್ಣ ಸಾಧನೆಯಲ್ಲ. ಆದರೆ ಅದೇ ಲೆಕ್ಕದಲ್ಲಿ ಕೇರಳ 20, ತೆಲಂಗಾಣ 45, ಆಂಧ್ರ 46, ತಮಿಳುನಾಡು 49. ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯ ಬೆಂಚಿನಲ್ಲಿ ಕೂತವರು ನಾವೇ.

ಆಸ್ಪತ್ರೆ ಹೆರಿಗೆ ಇಲ್ಲ ಅಂತಲೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಅದೇ ಸಮೀಕ್ಷೆ ನೂರು ಬಸುರಿಯರಲ್ಲಿ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಅನ್ನುತ್ತದೆ. ಮೈಯಲ್ಲಿ ರಕ್ತವೇ ಇಲ್ಲದವಳಿಗೆ ಹೆರಿಗೆಯಾದ ಮೇಲೆ ರಕ್ತ ಹರಿಯಲು ಶುರುವಾದರೆ ಏನಾಗಬೇಕು? ಹೆರಿಗೆ ನಂತರದ ರಕ್ತಸ್ರಾವ ಎರಡು ಗಂಟೆಯಲ್ಲಿ ಪ್ರಾಣ ತೆಗೆಯಬಲ್ಲದು. ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತೆ, ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತೆ ಅಂತ ಮಾತ್ರೆಯನ್ನು ಹಿತ್ತಲಿಗೆ ಎಸೆಯುವ ಅತ್ತೆಯಂದಿರು ಇವತ್ತೂ ಇದ್ದಾರೆ. ಮಾತ್ರೆಗೂ ಮಗುವಿನ ಬಣ್ಣಕ್ಕೂ ಸಂಬಂಧವಿಲ್ಲ ತಾಯಿ.

ಮೂರನೆಯ ತಡ ಬಾಗಿಲಲ್ಲಿ ನಿಂತಿರುತ್ತದೆ. ನಮ್ಮ ಮನೆ ಘಟನೆಯಾಗಿ ನಾಲ್ಕು ತಿಂಗಳಿಗೆ, 2022ರ ನವೆಂಬರಿನಲ್ಲಿ, ತುಮಕೂರಿನಲ್ಲಿ ನಡೆದದ್ದು ನೆನಪಿದೆಯೇ? ತಮಿಳುನಾಡು ಮೂಲದ ಬಡ ಹೆಣ್ಣುಮಗಳು, ಹೊಟ್ಟೆಯಲ್ಲಿ ಅವಳಿ. ನೆರೆಹೊರೆಯವರು ದುಡ್ಡು ಕೂಡಿಸಿ ಆಟೋದಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಿದರು. ಅಲ್ಲಿ ತಾಯಿ ಕಾರ್ಡು ಎಲ್ಲಿ, ಆಧಾರ್ ಎಲ್ಲಿ ಅಂತ ಕೇಳಿ ವಾಪಸು ಕಳಿಸಿದರು. ಮರುದಿನ ಬೆಳಿಗ್ಗೆ ಬಾಡಿಗೆ ಮನೆಯಲ್ಲೇ ಹೆರಿಗೆಯಾಗಿ ತಾಯಿ ಮತ್ತು ಎರಡು ಕೂಸು ಮೂವರೂ ಸತ್ತರು. ಮನೆಯಲ್ಲಿ ಉಳಿದದ್ದು ಪುಟ್ಟ ಹೆಣ್ಣುಮಗು ಒಂದೇ. ವೈದ್ಯೆಯೊಬ್ಬರನ್ನೂ ನರ್ಸುಗಳನ್ನೂ ಅಮಾನತು ಮಾಡಿದರು. ತುರ್ತು ಇದ್ದಾಗ ಯಾವ ದಾಖಲೆಯನ್ನೂ ಕೇಳಕೂಡದು ಅಂತ ಸರ್ಕಾರ ಮತ್ತೆ ಸಾರಿತು. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಒಳಗೆ ಸೇರಿದ ಮೇಲೂ ಕಣ್ಣು ಮುಚ್ಚುವ ಹಾಗಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಹೋದರು, ಐದು ಜನ. ಅನುಮಾನ ಬಿದ್ದದ್ದು ಹಾಕಿದ ಗ್ಲೂಕೋಸ್ ಬಾಟಲಿಯಂಥ ದ್ರಾವಣದ ಮೇಲೆ.

ಬೇರೆ ದೇಶವಾದರೆ ಹೀಗಾಗುತ್ತಿರಲಿಲ್ಲ ಅನ್ನುವವರಿಗೆ ಒಂದು ಮಾತು. ನಮ್ಮ ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್, ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯಲ್ಲಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಹದಿನೇಳು ವಾರದ ಬಸುರು ನಿಲ್ಲುವಂತಿರಲಿಲ್ಲ. ಗರ್ಭಪಾತ ಮಾಡಿ ಅಂತ ಅವರೇ ಕೇಳಿದರು. ಭ್ರೂಣದ ಹೃದಯ ಬಡಿಯುತ್ತಿದೆ, ಇಲ್ಲಿನ ಕಾನೂನು ಒಪ್ಪುವುದಿಲ್ಲ ಅಂದರು. ರಕ್ತಕ್ಕೆ ನಂಜು ಏರಿತು. ಆ ಸಾವಿಗೆ ಆ ದೇಶವೇ ಬೀದಿಗಿಳಿಯಿತು. 2018ರ ಮೇ 25ರ ಜನಮತದಲ್ಲಿ ನೂರಕ್ಕೆ 66 ಮಂದಿ ಕಾನೂನು ಬದಲಾಗಲಿ ಅಂದರು. ಶ್ರೀಮಂತ ದೇಶ, ಓದಿದ ಹೆಂಗಸು, ಜೊತೆಯಲ್ಲೇ ಗಂಡ. ಆದರೂ ಮೂರನೆಯ ತಡ ಬಿಡಲಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ತಾಯಿಯ ಜೀವ ಉಳಿಸಲು ತಕ್ಷಣ ಗರ್ಭಪಾತ ಬೇಕು ಅನ್ನಿಸಿದರೆ ವಾರದ ಲೆಕ್ಕ ಅಡ್ಡ ಬರುವುದಿಲ್ಲ. ಇದು ತಿಳಿದಿರಲಿ.

ಕಾರ್ಖಾನೆ ಹೋಯಿತು, ಚೀಟಿ ಬಂತು

ಅಮ್ಮ ಭದ್ರಾವತಿ ಅಂದದ್ದಕ್ಕೂ ಒಂದು ಅರ್ಥವಿದೆ. ಒಂದು ಕಾಲದಲ್ಲಿ ಈ ಸೀಮೆಯ ಮನೆಗಳಿಗೆ ಆಸ್ಪತ್ರೆ ಅಂದರೆ ಕಾರ್ಖಾನೆಯದ್ದೇ. ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು, ಕಾಗದದ ಕಾರ್ಖಾನೆ 1936ರಲ್ಲಿ ಹುಟ್ಟಿತು. ನಮ್ಮ ಮಗ್ಗುಲಲ್ಲೇ ತುಂಗಭದ್ರಾ ಸಕ್ಕರೆ ಕಾರ್ಖಾನೆ ಇತ್ತು. ಕಾರ್ಮಿಕನ ಹೆಂಡತಿಗೆ ನೋವು ಬಂದರೆ ಎಲ್ಲಿಗೆ ಅಂತ ಯಾರೂ ಯೋಚಿಸುತ್ತಿರಲಿಲ್ಲ. ಸಕ್ಕರೆ ಕಾರ್ಖಾನೆ ಮುಚ್ಚಿ ದಶಕಗಳೇ ಆದವು. ಕಾಗದದ ಕಾರ್ಖಾನೆಯ ಯಂತ್ರಗಳೂ ನಿಂತವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುತ್ತೇವೆ ಅಂತ 2023ರ ಜನವರಿಯಲ್ಲಿ ತೀರ್ಮಾನವೇ ಹೊರಬಿದ್ದು ಕಾರ್ಮಿಕರು ಬೀದಿಗೆ ಬಂದರು. ಸಂಬಳದ ಜೊತೆ ಹೋದದ್ದು ಏನು ಅಂತ ನಡುರಾತ್ರಿ ಬಸುರಿ ನರಳುವಾಗ ಗೊತ್ತಾಗುತ್ತದೆ.

ಈಗ ಕಾರ್ಖಾನೆ ಬದಲು ಕಾರ್ಡುಗಳಿವೆ. ಅವುಗಳಲ್ಲಿ ಏನಿದೆ ಅಂತ ತಿಳಿದುಕೊಂಡವರಿಗೆ ಲಾಭ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಸಿಸೇರಿಯನ್ ಉಚಿತ. ಔಷಧಿ, ಪರೀಕ್ಷೆ, ರಕ್ತ, ಊಟ ಎಲ್ಲ ಉಚಿತ. ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ, ವಾಪಸು ಮನೆಗೆ ವಾಹನವೂ ಉಚಿತ. ಕಾಯಿಲೆಯ ಕೂಸಿಗೂ ಹಾಗೇ. ಯಾರಾದರೂ ಕೈ ಚಾಚಿದರೆ ಇದು ಭಿಕ್ಷೆಯಲ್ಲ, ಹಕ್ಕು ಅಂತ ಗಟ್ಟಿಯಾಗಿ ಹೇಳಿ. 2018ರಿಂದ ಆಯುಷ್ಮಾನ್ ಕಾರ್ಡಿದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಚೀಟಿಯೂ ಬೇಡ.

ಖಾಸಗಿ ಆಸ್ಪತ್ರೆಗೂ ಕಾನೂನಿದೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು, 2017ರಲ್ಲಿ ತಿದ್ದುಪಡಿಯಾಯಿತು. ತುರ್ತು ಇದ್ದಾಗ ಅಡ್ವಾನ್ಸ್ ಕಟ್ಟಿ ಅಂತ ಚಿಕಿತ್ಸೆ ತಡೆಯುವ ಹಾಗಿಲ್ಲ. ಆ ರಾತ್ರಿ ಎ.ಟಿ.ಎಂ. ಹುಡುಕುತ್ತಿದ್ದ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ದುಡ್ಡು ಹುಡುಕುವ ಬದಲು 'ಮೊದಲು ಬಿ.ಪಿ. ನೋಡಮ್ಮ' ಅನ್ನುತ್ತಿದ್ದೆ.

ಇನ್ನು ಜನನಿ ಸುರಕ್ಷಾ ಯೋಜನೆಯ ಹಣ. ಹಳ್ಳಿಯವರಿಗೆ 700 ರೂಪಾಯಿ, ಪಟ್ಟಣದವರಿಗೆ 600. 2005ರಲ್ಲಿ ಇಟ್ಟ ದರ. ಬಂಗಾರ ಎಲ್ಲಿಂದ ಎಲ್ಲಿಗೆ ಹೋಯಿತು, ಬಸುರಿಯ ಬೆಲೆ ಮಾತ್ರ ಅಲ್ಲೇ ಇದೆ.

ಮೊದಲೇ ಮಾತಾಡಿಕೊಳ್ಳಿ

ನಮ್ಮ ಮನೆ ಪಾಠದಿಂದ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಯಾವ ಚಿಹ್ನೆಗೆ ಕಾಯಬಾರದು ಅನ್ನುವುದು ಮನೆಯ ಎಲ್ಲರಿಗೂ ಬಾಯಿಪಾಠ ಆಗಿರಲಿ. ರಕ್ತ ಕಾಣಿಸಿದರೆ, ನೀರು ಒಡೆದರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಮುಖ ಕೈ ಊದಿದರೆ, ಎದೆಗುಂಡಿಗೆ ಕೆಳಗೆ ನೋವಾದರೆ, ಜೋರು ಜ್ವರ ಬಂದರೆ, ಕೂಸು ಎಂದಿನಷ್ಟು ಒದೆಯದಿದ್ದರೆ, ಫಿಟ್ಸ್ ಬಂದರೆ ಕಷಾಯ ಬೇಡ, ಹೊರಡಿ. ಹೆರಿಗೆಯಾದ ಮೇಲೂ ಆರು ವಾರ ಇದೇ ಎಚ್ಚರ. ಬಿ.ಪಿ. ಬಾಣಂತಿಗೂ ಏರುತ್ತದೆ.

ಎರಡು, ಎಲ್ಲಿಗೆ ಹೋಗುವುದು ಅಂತ ಏಳನೇ ತಿಂಗಳಿಗೇ ತೀರ್ಮಾನವಾಗಿರಲಿ. ರಾತ್ರಿ ಡಾಕ್ಟರು ಇರುತ್ತಾರೆಯೇ, ಆಪರೇಷನ್ ನಡೆಯುತ್ತದೆಯೇ, ರಕ್ತ ಸಿಗುತ್ತದೆಯೇ, ಹಸುಗೂಸಿಗೆ ಘಟಕವಿದೆಯೇ ಅಂತ ಮೊದಲೇ ಹೋಗಿ ವಿಚಾರಿಸಿ. ಕಟ್ಟಡದ ಗಾಜು ನೋಡಿ ಆಸ್ಪತ್ರೆ ಆರಿಸಬೇಡಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ, 2016ರಿಂದ ನಡೆದುಕೊಂಡು ಬಂದಿದೆ. ನಿಮ್ಮದು ಅಪಾಯದ ಬಸುರು ಹೌದೋ ಅಲ್ಲವೋ ಅಂತ ಅಲ್ಲಿ ಬಾಯಿಬಿಟ್ಟು ಕೇಳಿ.

ಮೂರು, ಗಂಡ ಊರಲ್ಲಿ ಇಲ್ಲದಿದ್ದರೆ ತೀರ್ಮಾನ ಯಾರದು? ಮಾವನ ಫೋನಿಗೆ, ರಾಹುಕಾಲಕ್ಕೆ, ಅಮಾವಾಸ್ಯೆಗೆ ಕಾಯುವಂತಿಲ್ಲ. ಆ ಹೊತ್ತಿಗೆ ಪಕ್ಕದಲ್ಲಿ ಇರುವವರೇ ಯಜಮಾನರು ಅಂತ ಎರಡೂ ಮನೆಯವರು ಒಪ್ಪಿಕೊಳ್ಳಿ. ಎಲ್ಲಕ್ಕಿಂತ ಮೊದಲು ಹೆರುವವಳ ಮಾತು ಕೇಳಿ. 'ಯಾಕೋ ಸರಿಯಿಲ್ಲ' ಅಂತ ಅವಳು ಅಂದರೆ ಸರಿಯಿಲ್ಲ ಅಂತಲೇ ಅರ್ಥ.

ನಾಲ್ಕು, ರಕ್ತದ ಗ್ರೂಪ್ ಬರೆದಿಟ್ಟು, ಹೊಂದುವ ಇಬ್ಬರನ್ನು ಮೊದಲೇ ಕೇಳಿಟ್ಟಿರಿ. 1998ರ ಜನವರಿಯಿಂದ ರಕ್ತ ಮಾರುವಂತಿಲ್ಲ, ಕೊಡುವವರೇ ಬೇಕು. ತಾಯಿಯದು ನೆಗೆಟಿವ್ ಆಗಿದ್ದು ಕೂಸು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ ಡಿ ಇಂಜೆಕ್ಷನ್ನು ಬೀಳಬೇಕು, ಮುಂದಿನ ಮಗುವಿಗಾಗಿ.

ಇಷ್ಟನ್ನು ಮಾತಾಡಿಕೊಳ್ಳಲು ಒಂದು ಊಟದ ಹೊತ್ತು ಸಾಕು. ನಮ್ಮ ಮನೆಯಲ್ಲಿ ಸೀಮಂತದ ಅಡಿಗೆಯವರನ್ನು ಗೊತ್ತು ಮಾಡಲು ಮೂರು ಸಲ ಕೂತು ಮಾತಾಡಿದ್ದೆವು. ಇದಕ್ಕೆ ಒಂದು ಸಲವೂ ಕೂತಿರಲಿಲ್ಲ.

ತಂಗಿ ಚೆನ್ನಾಗಿದ್ದಾಳೆ. ಬಿ.ಪಿ. ಮಾತ್ರೆ ಕೆಲವು ತಿಂಗಳು ನುಂಗಿದಳು. ವರ್ಷಕ್ಕೊಮ್ಮೆ ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳುತ್ತಾಳೆ, ಇಂಥ ಬಸುರು ಆದವರಿಗೆ ಮುಂದೆ ಹೃದಯದ ತೊಂದರೆ ಹೆಚ್ಚು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಒಂದು ಕೆಜಿ ಏಳು ನೂರು ಗ್ರಾಂ ಇದ್ದ ಕೂಸನ್ನು ವಾರಗಟ್ಟಲೆ ಎದೆಗೆ ಕಟ್ಟಿಕೊಂಡು ಬೆಚ್ಚಗೆ ಇಟ್ಟಳು. ಈಗ ಅದು ಅಂಗನವಾಡಿಗೆ ಹೋಗುತ್ತದೆ, ಮೊಟ್ಟೆ ಕೊಡುವ ದಿನ ಮಾತ್ರ ಅಳದೆ.

ಅಮ್ಮ ಮೊನ್ನೆ ನನ್ನ ಕೈಯಲ್ಲಿ ಅಡಿಗೆ ಮನೆ ಗೋಡೆಗೆ, ಕ್ಯಾಲೆಂಡರ್ ಪಕ್ಕ, ದಪ್ಪಕ್ಷರದಲ್ಲಿ 108 ಅಂತ ಬರೆಸಿದರು. ಕೆಳಗೆ ಆಟೋದವರ ನಂಬರು, ಅದರ ಕೆಳಗೆ ಆಶಾ ಅಕ್ಕನ ನಂಬರು. ಬೀದಿಯಲ್ಲಿ ಯಾರ ಮನೆಗೆ ಬಸುರಿ ಬಂದಳು ಅಂತ ಗೊತ್ತಾದರೂ ಹೋಗಿ ದೊಡ್ಡಮ್ಮನ ಕಥೆ ಹೇಳಿ ಬರುತ್ತಾರೆ. ಗಾಳಿ ಅನ್ನುವುದಿಲ್ಲ ಈಗ. ಬಿ.ಪಿ. ಅನ್ನುತ್ತಾರೆ.